ಸೊನ್ನೆ ದಿನದ ಶಿಶುಗಳು

ನೈರೋಬಿಯ ಸೌತ್ ಬಿ ಬಡಾವಣೆಯಲ್ಲಿ ಮೂರನೇ ಮಹಡಿಯ ಬಾಡಿಗೆ ಮನೆಯಲ್ಲಿದ್ದ ಚಕ್ರಪಾಣಿಯವರು ಲಾವೋಸ್ ದೇಶವನ್ನು ಒಮ್ಮೆಯೂ ಕಾಣದೆ ಆಳಿದವರು. ಅಲ್ಲಿನ ಉತ್ತರದ ಗುಡ್ಡಗಾಡಿನ ನೂರ ನಲವತ್ತು ಆರೋಗ್ಯ ಕೇಂದ್ರಗಳ ಸಂಖ್ಯೆಗಳು ಅವರಿಗೆ ಬಾಯಿಪಾಠ. ಯಾವ ಕೇಂದ್ರದಲ್ಲಿ ಎಷ್ಟು ಹೆರಿಗೆ, ಎಷ್ಟು ಬಾಣಂತಿಯರಿಗೆ ಜ್ವರ ಎಂದು ಕೇಳಿದರೆ ಮಗ್ಗಿ ಒಪ್ಪಿಸಿದಂತೆ ಒಪ್ಪಿಸುತ್ತಿದ್ದರು. ಆ ಕೇಂದ್ರಗಳು ನದಿಯ ಈಚೆಗಿವೆಯೋ ಆಚೆಗಿವೆಯೋ ಎಂದರೆ ಮಾತ್ರ, "ಅದು ನಮ್ಮ ಡಿಪಾರ್ಟ್‌ಮೆಂಟ್ ಅಲ್ಲ" ಎನ್ನುತ್ತಿದ್ದರು.

ತಾಯಿ ಮತ್ತು ಶಿಶುಗಳ ಆರೋಗ್ಯದ ಸಂಶೋಧನೆ ನಡೆಸುವ ಒಂದು ಅಂತರರಾಷ್ಟ್ರೀಯ ಸಂಸ್ಥೆ ತನ್ನ ಅಂಕಿಸಂಖ್ಯೆಯ ಕಚೇರಿಯನ್ನು ನೈರೋಬಿಯದೇ ಲ್ಯಾವಿಂಗ್ಟನ್ನಿನಲ್ಲಿ ಇಟ್ಟಿತ್ತು. ಹೆರಿಗೆ ಏಷ್ಯಾದಲ್ಲಿ, ಹಣ ಯುರೋಪಿನಲ್ಲಿ, ಎಣಿಕೆ ಆಫ್ರಿಕಾದಲ್ಲಿ. ಮೂರು ಖಂಡಗಳು ಕೈಜೋಡಿಸಿದರೆ ಒಂದು ಮಗು ಲೆಕ್ಕಕ್ಕೆ ಬರುತ್ತಿತ್ತು. ಮೈಸೂರಿನಲ್ಲಿ ಸಂಖ್ಯಾಶಾಸ್ತ್ರ ಓದಿ 2009ರಲ್ಲಿ ಇಲ್ಲಿಗೆ ಬಂದ ಚಕ್ರಪಾಣಿ ಈ ಎಣಿಕೆಯ ಮಹಾರಥಿ. ಮಹಾರಥಿಗೆ ರಥವಿರಲಿಲ್ಲ, ಮಟಾಟು ಎಂಬ ಬಾಡಿಗೆ ವ್ಯಾನುಗಳನ್ನು ಎರಡು ಬದಲಿಸಿ, ಮಂಡಿಯನ್ನು ಎದೆಗೆ ಒತ್ತಿಕೊಂಡು ರಣರಂಗ ತಲುಪುತ್ತಿದ್ದರು.

ಆಯುಧ ಮಾತ್ರ ಇತ್ತು. ಲಾವೋಸಿನಿಂದ ಬಂದ ದತ್ತಾಂಶದ ಕೊಳೆ ತೆಗೆಯಲು ಅವರು ಸ್ವಂತ ಕೈಯಿಂದ ಒಂದು ಪ್ರೋಗ್ರಾಂ ಬರೆದಿದ್ದರು. ಅದಕ್ಕೆ ಇಟ್ಟ ಹೆಸರು ಸುದರ್ಶನ. ಗುಂಡಿ ಒತ್ತಿದರೆ ಸಾಕು, ಅದು ಹೊರಟು ತಪ್ಪು ಸಾಲುಗಳ ತಲೆ ಕತ್ತರಿಸಿ ಬರುತ್ತಿತ್ತು. ಗಂಡಸಿಗೆ ಹೆರಿಗೆಯಾಗಿದ್ದರೆ ಕತ್ತರಿಸು. ತಾಯಿಗೆ ಮುನ್ನೂರು ವರ್ಷವಾಗಿದ್ದರೆ ಕತ್ತರಿಸು. ಸತ್ತ ಶಿಶುವಿನ ವಯಸ್ಸು ಸೊನ್ನೆ ದಿನ ಎಂದಿದ್ದರೆ ಕತ್ತರಿಸು.

ಮೂರನೆಯ ನಿಯಮ ಬರೆದಾಗ ಅದು ವಿವೇಕದ್ದೇ ಆಗಿತ್ತು. ಆಗ ಎಲ್ಲವೂ ಕಾಗದದ ಫಾರಂ. ಹುಟ್ಟಿದ ದಿನವನ್ನೇ ಒಂದನೇ ದಿನವೆಂದು ಬರೆಯಬೇಕು ಎಂದು ಅದರಲ್ಲೇ ಅಚ್ಚಾಗಿತ್ತು. ಹಾಗಾಗಿ ಸೊನ್ನೆ ಎಂದರೆ ಯಾರೋ ಚೌಕವನ್ನು ಖಾಲಿ ಬಿಟ್ಟಿದ್ದಾರೆ ಎಂದೇ ಅರ್ಥ. 2013ರಲ್ಲಿ ಕಾಗದ ಹೋಗಿ ಟ್ಯಾಬ್ಲೆಟ್ ಬಂತು. ಅದು ಹುಟ್ಟಿದ ದಿನಾಂಕ, ಸತ್ತ ದಿನಾಂಕ ಎರಡನ್ನೂ ಕೇಳಿ ತಾನೇ ಕಳೆಯುತ್ತಿತ್ತು. ಬೆಳಿಗ್ಗೆ ಹುಟ್ಟಿ ಸಂಜೆ ಸತ್ತ ಮಗುವಿನ ವಯಸ್ಸು ಈಗ ಸೊನ್ನೆ. ಸುದರ್ಶನಕ್ಕೆ ಇದನ್ನು ಯಾರೂ ತಿಳಿಸಲಿಲ್ಲ. ತಿಳಿಸಬೇಕಾದ ಚಕ್ರಪಾಣಿ ಆ ತಿಂಗಳು ಟ್ಯಾಬ್ಲೆಟ್‌ಗಳ ಪಾಸ್‌ವರ್ಡ್ ಹಂಚುವುದರಲ್ಲಿ ಮುಳುಗಿದ್ದರು.

ಟ್ಯಾಬ್ಲೆಟ್ ಬಂದ ವರ್ಷವೇ ಸಂಸ್ಥೆ ಒಂದು ಯೋಜನೆ ಶುರುಮಾಡಿತ್ತು: ಗುಡ್ಡಗಾಡಿನ ಸೂಲಗಿತ್ತಿಯರಿಗೆ ತರಬೇತಿ ಕೊಟ್ಟು, ಶಿಶುವನ್ನು ಬೆಚ್ಚಗಿಡುವ ಒಂದು ಚೀಲ ಹಂಚುವುದು. 2015ರ ಕೊನೆಗೆ ಫಲಿತಾಂಶ ಬಂತು: ನವಜಾತ ಶಿಶುಗಳ ಸಾವು ಅರ್ಧಕ್ಕರ್ಧ ಇಳಿಕೆ! ಲ್ಯಾವಿಂಗ್ಟನ್ನಿನಲ್ಲಿ ಕೇಕು ಕತ್ತರಿಸಿದರು. ಯೋಜನೆಯನ್ನು ಇನ್ನೂ ಒಂಬತ್ತು ಜಿಲ್ಲೆಗಳಿಗೆ ಹಬ್ಬಿಸುವುದೆಂದು ತೀರ್ಮಾನವಾಯಿತು. ನೈರೋಬಿಯ ಕನ್ನಡಿಗರೂ ಸುಮ್ಮನಿರಲಿಲ್ಲ. ಸಂಕ್ರಾಂತಿಯ ಕೂಟದಲ್ಲಿ ಚಕ್ರಪಾಣಿಗೆ ಶಾಲು ಹೊದೆಸಿ, ಮೈಸೂರು ಪೇಟ ಇಟ್ಟು, "ಶಿಶುರಕ್ಷಕ" ಎಂದು ಮೈಕಿನಲ್ಲಿ ಕೂಗಿದರು.

ಮನೆಗೆ ಬಂದಾಗಲೂ ಪೇಟ ತಲೆಯ ಮೇಲೇ ಇತ್ತು.

"ತೆಗೀರಿ ಅದನ್ನ, ಬಾಗಿಲಿಗೆ ತಾಗತ್ತೆ," ಎಂದರು ಹೆಂಡತಿ ಪ್ರಭಾ.

ಮರುವಾರ ಒಂದು ಇ-ಮೇಲ್ ಬಂತು. ಬರೆದವಳು ಮಣಿವನ್, ಲಾವೋಸಿನ ಒಂದು ಆರೋಗ್ಯ ಕೇಂದ್ರದ ದಾದಿ. ನಿಮ್ಮ ವರದಿಯಲ್ಲಿ ನಮ್ಮ ಕೇಂದ್ರದ ಹೆಸರಿನ ಮುಂದೆ ನಾಲ್ಕು ಶಿಶುಗಳ ಸಾವು ಎಂದಿದೆ. ನನ್ನ ಪುಸ್ತಕದಲ್ಲಿ ಹನ್ನೊಂದಿವೆ. ನೈರೋಬಿಯ ಕಂಪ್ಯೂಟರ್ ತಪ್ಪು ಮಾಡುವುದಿಲ್ಲ, ನಿನ್ನ ಪುಸ್ತಕವೇ ಸುಳ್ಳು ಎಂದು ನಮ್ಮ ಮೇಲಧಿಕಾರಿ ಹೇಳುತ್ತಾರೆ. ಫೆಬ್ರವರಿ ಮುಗಿಯುವುದರೊಳಗೆ ವಿವರಣೆ ಕೊಡದಿದ್ದರೆ ಹೆರಿಗೆ ಕೋಣೆಯಿಂದ ನನ್ನನ್ನು ತೆಗೆಯುತ್ತಾರೆ. ನಾನು ಎಲ್ಲಿ ತಪ್ಪಿದೆ, ದಯವಿಟ್ಟು ಹೇಳಿ.

ಚಕ್ರಪಾಣಿ ಸುದರ್ಶನ ಕತ್ತರಿಸಿ ಎಸೆದ ಸಾಲುಗಳ ಕಡತ ತೆರೆದರು. ಆ ಏಳೂ ಶಿಶುಗಳು ಅಲ್ಲಿದ್ದವು. ಜೊತೆಗೆ ಬೇರೆ ಕೇಂದ್ರಗಳವು. ಎಣಿಸಿದರು, ಅವರಿಗೆ ಬರುತ್ತಿದ್ದ ಕೆಲಸ ಅದೊಂದೇ. ಮುನ್ನೂರ ಹನ್ನೆರಡು.

ನಿರ್ದೇಶಕರಾದ ಡಾಕ್ಟರ್ ದ್ವಾರಕಾನಾಥ್ ಬೆಂಗಳೂರಿನವರು, ಸಿರಿವಂತರ ಲೊರೆಶೋದಲ್ಲಿ ಮನೆ, ಮಾತು ಬೆಣ್ಣೆ. ಚಕ್ರಪಾಣಿ ಅವರ ಕೋಣೆಗೆ ಹೋದರು.

"ಸಾರ್, ಲಾವೋಸಿನ ಮಕ್ಕಳು ಸಿಕ್ಕಿದ್ವು. ಮುನ್ನೂರ ಹನ್ನೆರಡು."

"ವೆರಿ ಗುಡ್! ಎಲ್ಲಿದ್ವು?"

"ಸುದರ್ಶನ ಬಿಸಾಕಿರೋ ಫೈಲ್‌ನಲ್ಲಿ."

"ಬದುಕಿರೋವಾ?"

"ಅಲ್ಲ ಸಾರ್, ಸತ್ತಿರೋವು. ಹುಟ್ಟಿದ ದಿನವೇ. ನನ್ನ ರೂಲ್ ಸೊನ್ನೇನ ಖಾಲಿ ಅಂತ ತಿಳ್ಕೊಂಡುಬಿಟ್ಟಿದೆ."

ದ್ವಾರಕಾನಾಥ್ ಎದ್ದು ಬಾಗಿಲು ಹಾಕಿದರು. "ಇವನ್ನ ಸೇರಿಸಿದ್ರೆ ರಿಸಲ್ಟ್ ಎಷ್ಟು ಚೇಂಜ್ ಆಗತ್ತೆ?"

"ರಿಸಲ್ಟೇ ಇರಲ್ಲ ಸಾರ್. ಚೀಲಕ್ಕೆ ಮುಂಚೆನೂ ಅಷ್ಟೇ ಸಾಯ್ತಿದ್ವು, ಈಗ್ಲೂ ಅಷ್ಟೇ."

"ನೋಡೋಕೆ ಎಷ್ಟು ಸಾಧು ನೀವು! ಕಾಫಿ ಟೈಮ್‌ಗೆ ಮುಂಚೆ ಮುನ್ನೂರು ಮಕ್ಕಳನ್ನ ಸಾಯಿಸಿ ಬಂದಿದೀರಲ್ರೀ."

"ಸಾರ್, ಆ ನರ್ಸು... ಫೆಬ್ರವರಿ ಒಳಗೆ ಉತ್ತರ ಬೇಕಂತೆ ಅವಳಿಗೆ."

"ಬರೀರಿ, ಖಂಡಿತಾ ಬರೀರಿ. ಡ್ರಾಫ್ಟ್ ಮಾಡಿ ಕಳಿಸಿ, ಪ್ರೊಸೀಜರ್ ಇದೆಯಲ್ಲ. ಅಂದ ಹಾಗೆ ನಿಮ್ಮ ವರ್ಕ್ ಪರ್ಮಿಟ್ ಮಾರ್ಚ್‌ಗೆ ಮುಗಿಯತ್ತಲ್ವಾ? ನಾನೇ ಸೈನ್ ಮಾಡ್ಬೇಕು, ಸ್ವಲ್ಪ ನೆನಪು ಮಾಡ್ತಿರಿ."

ಪ್ರೊಸೀಜರ್ ಎಂದರೆ, ಹೊರದೇಶದ ಕೇಂದ್ರಗಳಿಗೆ ಹೋಗುವ ಪ್ರತಿ ಪತ್ರವನ್ನೂ ಮೂವರು ತಿದ್ದಿ ಒಪ್ಪಬೇಕು. ಚಕ್ರಪಾಣಿ ಬರೆದದ್ದು ಒಂದೇ ಸಾಲು: "ತಪ್ಪು ನನ್ನದು, ಮಣಿವನ್ ಅವರ ಪುಸ್ತಕ ಸರಿಯಾಗಿದೆ." ಜೀವಮಾನದಲ್ಲಿ ಅವರು ಬರೆದ ಏಕೈಕ ವೀರಗಾಥೆ ಅದು. ದ್ವಾರಕಾನಾಥರು "ನನ್ನದು" ತೆಗೆದರು. ಪ್ರಚಾರ ವಿಭಾಗ "ತಪ್ಪು" ತೆಗೆಯಿತು. ದಾನಿಗಳೊಡನೆ ವ್ಯವಹರಿಸುವ ವಿಭಾಗ, ವ್ಯಕ್ತಿಗಳ ಹೆಸರು ಬೇಡವೆಂದು "ಮಣಿವನ್" ತೆಗೆಯಿತು. ಉಳಿದದ್ದಕ್ಕೆ ತಲೆಬಾಲ ಕೂಡಿಸಿ ಫೆಬ್ರವರಿ ಇಪ್ಪತ್ತಾರಕ್ಕೆ ಎಲ್ಲ ಕೇಂದ್ರಗಳಿಗೂ ಕಳಿಸಿದ ಪತ್ರ ಹೀಗಿತ್ತು: "ಕೇಂದ್ರಗಳ ಪುಸ್ತಕಕ್ಕೂ ಮುಖ್ಯ ಕಚೇರಿಯ ದಾಖಲೆಗೂ ವ್ಯತ್ಯಾಸ ಬಾರದಂತೆ ಎಲ್ಲ ಸಿಬ್ಬಂದಿ ಹೆಚ್ಚಿನ ಎಚ್ಚರ ವಹಿಸತಕ್ಕದ್ದು." ಕೆಳಗೆ ಸಹಿ, ಚಕ್ರಪಾಣಿಯವರದೇ.

"ಅವಳಿಗೆ ನೀವೇ ನೇರವಾಗಿ ಒಂದು ಮೇಲ್ ಹಾಕೋಕೆ ಏನಾಗಿತ್ತು?" ಎಂದರು ಪ್ರಭಾ, ಸುಕುಮಾ ಸೊಪ್ಪು ಹೆಚ್ಚುತ್ತಾ.

"ಪರ್ಮಿಟ್ ಒಂದು ಕೈಗೆ ಬರ್ಲಿ ಕಣೇ. ನಮಿತಾ ಎಕ್ಸಾಮ್ ಬೇರೆ ಇದೆ ಈ ವರ್ಷ."

"ನನ್ನ ಎಕ್ಸಾಮ್‌ನ ಯಾಕೆ ಎಳೀತೀರಾ ಅಂತ ಕೇಳ್ತಾಳೆ ನಿಮ್ಮ ಮಗಳು, ಅದೂ ಇಂಗ್ಲಿಷಲ್ಲಿ. ಅಲ್ರೀ, ಒಂದು ದಿನವೂ ತುಂಬದೇ ಇರೋ ಮಗು ಇರತ್ತೆ ಅಂತ ನಿಮ್ಮ ಯಾವ ಪುಸ್ತಕದಲ್ಲೂ ಇರಲಿಲ್ವಾ? ಹೆತ್ತಿರೋ ಯಾರನ್ನ ಕೇಳಿದ್ರೂ ಹೇಳ್ತಿದ್ರು."

ಏಪ್ರಿಲಿನಲ್ಲಿ ಪರ್ಮಿಟ್ ಬಂತು. ಅದಕ್ಕೆ ಮೊದಲೇ ಮಣಿವನ್‌ಳ ಉತ್ತರ ಬಂದಿತ್ತು. ಎಚ್ಚರ ತಪ್ಪಿದ್ದಕ್ಕೆ ಕ್ಷಮಿಸಿ ಎಂದು ಬರೆದಿದ್ದಳು. ನನ್ನನ್ನು ಲಸಿಕೆಯ ಉಗ್ರಾಣಕ್ಕೆ ಹಾಕಿದ್ದಾರೆ, ಈಗ ಹೆರಿಗೆ ನೋಡುವುದಿಲ್ಲ. ಆ ಏಳು ಮಕ್ಕಳ ತಾಯಂದಿರ ಹೆಸರುಗಳನ್ನು ಇದರೊಂದಿಗೆ ಕಳಿಸಿದ್ದೇನೆ, ನಿಮಗೆ ಬೇಕಾಗಬಹುದು. ಚಕ್ರಪಾಣಿ ಹೆಸರುಗಳನ್ನು ಓದಿದರು. ಸಂಸ್ಥೆಯ ನಿಯಮದ ಪ್ರಕಾರ ರೋಗಿಗಳ ಹೆಸರು ಇಟ್ಟುಕೊಳ್ಳುವಂತಿರಲಿಲ್ಲ. ಅಳಿಸಿದರು.

ಇಷ್ಟಾದರೂ ವೀರನಲ್ಲಿ ಒಂದು ಕಿಡಿ ಉಳಿದಿತ್ತು. ಯಾರಿಗೂ ಹೇಳದೆ, ಯಾರ ಒಪ್ಪಿಗೆಯೂ ಇಲ್ಲದೆ, ಒಂದು ಶನಿವಾರ ಕಚೇರಿಗೆ ಹೋಗಿ ಸುದರ್ಶನದ ಮೂರನೆಯ ನಿಯಮವನ್ನು ತೆಗೆದುಹಾಕಿದರು. ಇನ್ನು ಮುಂದೆ ಸೊನ್ನೆ ದಿನದ ಶಿಶುವೂ ಲೆಕ್ಕಕ್ಕೆ ಬರಲೇಬೇಕು. ಮುಂದಿನ ವರ್ಷದ ಅಂಕಿಗಳು ಬಂದಾಗ ಸತ್ಯ ತಾನಾಗಿ ಎದ್ದು ನಿಲ್ಲುತ್ತದೆ, ಆಗ ದ್ವಾರಕಾನಾಥರು ಏನು ಮಾಡುತ್ತಾರೋ ನೋಡೋಣ ಎಂದುಕೊಂಡು, ಮಟಾಟುವಿನಲ್ಲಿ ಕಂಡಕ್ಟರಿಗೆ ಎರಡು ಸಲ "ಅಸಾಂಟೆ" ಎಂದು ಧನ್ಯವಾದ ಹೇಳಿ ಮನೆಗೆ ಬಂದರು.

2017ರ ಜನವರಿಯಲ್ಲಿ ಅಂಕಿಗಳು ಬಂದವು. ಹಳೆಯ ಮತ್ತು ಹೊಸ ಜಿಲ್ಲೆಗಳಿಂದ ಹನ್ನೊಂದು ಸಾವಿರ ಹೆರಿಗೆ. ಚಕ್ರಪಾಣಿ ಸೊನ್ನೆಯನ್ನು ಹುಡುಕಿದರು. ಒಂದೂ ಇರಲಿಲ್ಲ. ಪ್ರೋಗ್ರಾಂ ತಪ್ಪಿರಬಹುದೆಂದು ಕೈಯಾರೆ ಹುಡುಕಿದರು. ಎರಡನೇ ದಿನ ಸತ್ತವರಿದ್ದರು, ಐದನೇ ದಿನ ಸತ್ತವರಿದ್ದರು. ಹುಟ್ಟಿದ ದಿನ ಸತ್ತ ಶಿಶು ಗುಡ್ಡಗಾಡಿನಲ್ಲೆಲ್ಲೂ ಇರಲಿಲ್ಲ. ಮಣಿವನ್ ಎಲ್ಲಿಗೆ ಹೋದಳು, ಏಕೆ ಹೋದಳು ಎಂಬುದು ಉಳಿದ ಕೇಂದ್ರಗಳ ದಾದಿಯರಿಗೆಲ್ಲ ಗೊತ್ತಾಗಿತ್ತು. ವ್ಯತ್ಯಾಸ ತರುವ ಮಗುವನ್ನು ಈಗ ಯಾರೂ ಬರೆಯುತ್ತಿರಲಿಲ್ಲ.

ದ್ವಾರಕಾನಾಥ್ ಪರದೆಯ ಮುಂದೆ ಬಗ್ಗಿ ನೋಡಿದರು.

"ನೋಡಿದ್ರಾ, ನಿಮ್ಮ ಒಂದು ಲೆಟರ್‌ಗೆ ಫೀಲ್ಡ್‌ನವ್ರು ಎಷ್ಟು ಚೆನ್ನಾಗಿ ಕಲಿತುಬಿಟ್ರು! ಡೇಟಾ ಅಂದ್ರೆ ಇದು ಕಣ್ರೀ."

"ಹೌದು ಸಾರ್."

"ಮೊದಲ ದಿನದ ಸಾವು ಇಲ್ಲವೇ ಇಲ್ಲ ಅಂತ ರಿಪೋರ್ಟಲ್ಲಿ ಒಂದು ಪ್ಯಾರಾ ಬೇಕು. ಯಾರು ಬರೀತಾರೆ?"

"ನಾನೇ ಬರೀತೀನಿ ಸಾರ್," ಎಂದು ಚಕ್ರಪಾಣಿ ಕುರ್ಚಿ ಎಳೆದುಕೊಂಡು ಕೂತರು.