ನಿಶಿವಾಕಿಯ ಕೈಗವಸು

ಹತ್ಸುಯೆ ಕುರಾಮೋಚಿ ರೈಲು ಹತ್ತಿದರೆ ಪಕ್ಕದವರು ಮೆಲ್ಲಗೆ ಎದ್ದು ಹೋಗುತ್ತಿದ್ದರು. ಮೈಗೆಲ್ಲ ಕೊಳೆತ ಮೊಟ್ಟೆಯ ವಾಸನೆ. ಜಪಾನಿನ ಕಾಶಿವಾ ಊರಿನ ನಮ್ಮ ಪ್ರಯೋಗಾಲಯದ ಹುಡುಗರು ಹಿಂದಿನಿಂದ ‘ಮೊಟ್ಟೆ ಅಕ್ಕ’ ಎನ್ನುತ್ತಿದ್ದರು. ತಾಮ್ರವನ್ನೂ ಗಂಧಕವಿರುವ ಸಾವಯವ ವಸ್ತುವನ್ನೂ ಬಲೆಯಂತೆ ಹೆಣೆದು ಕಪ್ಪು ಪೊರೆ ಬೆಳೆಸುವುದು ಅವರ ಕೆಲಸ. ಅದನ್ನು ವಿಪರೀತ ತಣ್ಣಗಾಗಿಸಿ ಅಳೆಯುವುದು ನನ್ನದು. ಪೊರೆ ಚೆನ್ನಾಗಿದ್ದರೆ ವಿದ್ಯುತ್ತು ಚೂರೂ ತಡೆಯಿಲ್ಲದೆ ಹರಿಯುತ್ತದೆ. ಅದೂ ಮಾಮೂಲಿ ಲೋಹಗಳಂತಲ್ಲ, ಎಲೆಕ್ಟ್ರಾನುಗಳು ಬೇರೇನೋ ರೀತಿಯಲ್ಲಿ ಜೋಡಿಯಾಗಿ.

ಗಾಳಿ ತಾಗಬಾರದೆಂದು ಕೆಲಸವೆಲ್ಲ ಗಾಜಿನ ಪೆಟ್ಟಿಗೆಯೊಳಗೆ. ಅದಕ್ಕೆ ಜೋಡಿಸಿದ ಉದ್ದನೆಯ ರಬ್ಬರ್ ಕೈಗವಸುಗಳಲ್ಲಿ ಕೈ ತೂರಿಸಬೇಕು. ಒಂದು ಜೊತೆ ಕುರಾಮೋಚಿಯವರದು, ಇನ್ನೊಂದು ಅವರೊಂದಿಗೆ ಪೊರೆ ಬೆಳೆಸುತ್ತಿದ್ದ ನಿಶಿವಾಕಿಯವರದು. ವರ್ಷಗಟ್ಟಲೆ ಅಕ್ಕಪಕ್ಕ ನಿಂತವರು. ಕೈ ತೆಗೆದರೆ ಒಳಗಿನ ಅನಿಲದ ಒತ್ತಡಕ್ಕೆ ಕೈಗವಸುಗಳು ಉಬ್ಬಿ ಕೋಣೆಯತ್ತ ಚಾಚಿಕೊಳ್ಳುತ್ತವೆ, ಒಳಗಿನಿಂದ ಯಾರೋ ಕೈ ನೀಡಿದಂತೆ.

ಚಳಿಗಾಲದಲ್ಲಿ ನಿಶಿವಾಕಿ ಮಿದುಳಿನ ರಕ್ತಸ್ರಾವದಿಂದ ತೀರಿಕೊಂಡರು. ಅವರ ಕೈಗವಸುಗಳು ಚಾಚಿಕೊಂಡೇ ಇದ್ದವು. ನಾನಂತೂ ಆ ಕಡೆ ಬೆನ್ನು ಹಾಕಿ ಕೂರುತ್ತಿರಲಿಲ್ಲ.

ನಾನು ಸೇರುವ ಮೊದಲು ಅವರು ತಾವೇ ಬೆಳೆಸಿ ತಾವೇ ಅಳೆದಿದ್ದಂಥ ತಡೆಯಿಲ್ಲದ ಪೊರೆ ಮತ್ತೆ ಯಾರಿಗೂ ಬರಲಿಲ್ಲ. ಕುರಾಮೋಚಿಯವರು ಬೆಳೆಸಿದ ಒಂದರಲ್ಲೂ ತಡೆ ಸೊನ್ನೆಗೆ ಇಳಿಯಲಿಲ್ಲ. ಸಮ್ಮೇಳನದಲ್ಲಿ ಒಬ್ಬ ನಗುತ್ತಾ ಅಂದ: “ಸತ್ತೋರು ಅಂಕಿ ತಿದ್ದಿದ್ರೆ ಯಾರನ್ನ ಕೇಳೋದು?”

ಕುರಾಮೋಚಿಯವರು ವಾಪಸ್ ಬಂದವರೇ ಚಾಚಿದ್ದ ಕೈಗವಸಿನ ಧೂಳು ಒರೆಸಿ, “ನಿಶಿವಾಕಿ-ಸಾನ್, ನಿಮ್ಮನ್ನ ಸುಳ್ಳುಗಾರ ಅಂತಿದಾರೆ. ಕೇಳಿಸ್ಕೊಂಡು ಸುಮ್ನೆ ಇರ್ತೀರಾ?” ಎಂದು ಗದರಿದರು. ಆಮೇಲೆ ತಮ್ಮ ಜಾಗ ಬಿಟ್ಟು ಅವರ ಕೈಗವಸುಗಳಿಗೆ ಕೈ ತೂರಿಸಿದರು.

“ಥೂ, ಎಡಗೈ ನನ್ನ ಮಾತೇ ಕೇಳ್ತಿಲ್ಲ!” ನಿಶಿವಾಕಿಯ ಹಿಡಿತಕ್ಕೆ ಮಡಿಕೆ ಬಿದ್ದ ರಬ್ಬರು ಸೀಸೆಯನ್ನು ಓರೆಯಾಗಿಯೇ ಹಿಡಿಸುತ್ತಿತ್ತು.

“ಅದು ಹೇಗೆ ಹಿಡಿಯುತ್ತೋ ಹಾಗೇ ಬಿಡಿ,” ಎಂದೆ.

ತಾಮ್ರದ ದ್ರಾವಣ ಓರೆಯಾದ ಸೀಸೆಯ ಗೋಡೆಗುಂಟ ಕಲಕದೆ ಇಳಿಯಿತು. ಅದೂ ಕೆಳಗಿದ್ದ ಗಂಧಕದ ದ್ರವವೂ ಕೂಡುವಲ್ಲಿ ಕಪ್ಪು ಪೊರೆ ಹೊಳೆಯುತ್ತಾ ಬೆಳೆಯಿತು.

ಅದನ್ನು ತಣ್ಣಗಾಗಿಸಿದೆ. ತಡೆ ಸೊನ್ನೆಗೆ ಬಿತ್ತು. ನಿಶಿವಾಕಿ ಸುಳ್ಳು ಹೇಳಿರಲಿಲ್ಲ. ನನಗೆ ಅಳುವೇ ಬಂತು.

ಪ್ರಬಂಧದಲ್ಲಿ, ಪೊರೆ ತಯಾರಿಸಿದವರು ಎಂಬಲ್ಲಿ ಕುರಾಮೋಚಿಯವರು ನಿಶಿವಾಕಿಯ ಹೆಸರು ಬರೆದರು.

“ಅವರು ಹೋದ್ಮೇಲೆ ಬೆಳೆದಿದ್ದಲ್ವಾ ಇದು? ಜನ ನಗ್ತಾರೆ,” ಎಂದೆ.

“ನೀವೂ ಅಲ್ಲೇ ಇದ್ರಲ್ಲ. ಆವತ್ತು ನಾನು ಕೈ ತೆಗೆದಾಗ ನೋಡ್ಲಿಲ್ವಾ?”

ನೋಡಿದ್ದೆ. ಅವರ ಕೈಯ ಹಿಂದೆಯೇ ಬಲಗೈಯ ಗವಸು ಉಬ್ಬಿ ಹೊರಬಂದಿತ್ತು. ಎಡಗೈಯದು ಬಂದಿರಲಿಲ್ಲ. ಅದು ಒಳಗೇ ಉಳಿದು, ಓರೆಯಾಗಿದ್ದ ಸೀಸೆಯನ್ನು ಮೆಲ್ಲಗೆ ನೆಟ್ಟಗೆ ನಿಲ್ಲಿಸಿ, ಆಮೇಲೆ ಹೊರಬಂದಿತ್ತು.

ಹೆಸರನ್ನು ನಾನು ಹಾಗೇ ಬಿಟ್ಟೆ.