ವಾರಿಜಾಗೆ ಈಜು ಬರುತ್ತಿರಲಿಲ್ಲ

ಮೊನ್ನೆ ಮೆಂತ್ಯ ಸೊಪ್ಪು ಬಿಡಿಸುತ್ತ ಕೂತಿದ್ದೆ. ಬೆರಳಿಗೆ ಅಂಟಿದ ಆ ಕಹಿ ಘಮ ಮೂಗಿಗೆ ಬಡಿದದ್ದೇ ತಡ, ಇಂಗ್ಲೆಂಡಿನ ಹಾರ್ಬೋರ್ನ್‌ನ ಆ ಅಡುಗೆಮನೆ ಕಣ್ಣೆದುರು ಬಂದು ನಿಂತಿತು. ಕಿಟಕಿ ಪಕ್ಕದ ಕುರ್ಚಿಯಲ್ಲಿ ಮನೆಯೊಡತಿ ಡಾಕ್ಟರಮ್ಮ, ಕನ್ನಡಕ ಮೂಗಿನ ತುದಿಯಲ್ಲಿ. ಎದುರಿಗೆ ಡರ್ಬಿ ಊರಿನಿಂದ ಬರುತ್ತಿದ್ದ ಡರ್ಬಿ ಅಕ್ಕ, ಬಂದು ಅರ್ಧ ಗಂಟೆಯಾದರೂ ಕೋಟು ತೆಗೆಯದೆ. ಮೂಲೆಯ ಸ್ಟೂಲಿನ ಮೇಲೆ ಹೊಸದಾಗಿ ಮದುವೆಯಾಗಿ ಬಂದಿದ್ದ ಧಾರವಾಡದ ಹುಡುಗಿ, ಮಡಿಲಲ್ಲಿ ಸೊಪ್ಪಿನ ತಟ್ಟೆ. ಒಲೆಯ ಮುಂದೆ ನಾನು. ಶನಿವಾರ ಮಧ್ಯಾಹ್ನವೆಂದರೆ ಇಷ್ಟೇ ಜನ... ತಡೆಯಿರಿ, ವಾರಿಜಾಳನ್ನು ಮರೆತೆ. ಅವಳೂ ಇರುತ್ತಿದ್ದಳು, ಕಾಗದದ ಮೇಲೆ.

ಡಾಕ್ಟರಮ್ಮ ಉಡುಪಿ ಕಡೆಯವರು. ಆಪರೇಷನ್ನಿಗೆ ಮುಂಚೆ ಅರಿವಳಿಕೆ ಕೊಡುವ ಕೆಲಸ ಮಾಡಿ ನಿವೃತ್ತರಾಗಿದ್ದರು. ಮನೆಯ ತುಂಬ ಗಿಡ ಬೆಳೆಸುತ್ತಾರೆಂದು ನಾವು ಎಣಿಸಿದ್ದರೆ, ಅವರು ಕನ್ನಡದಲ್ಲಿ ಪ್ರೇಮ ಕಾದಂಬರಿ ಬರೆಯಲು ಕೂತರು. ವಾರಕ್ಕೊಂದು ಅಧ್ಯಾಯ. ಶನಿವಾರ ಅದನ್ನು ನಮಗೆ ಓದಿ ಹೇಳುವುದು, ನಾವು ತಿಂಡಿ ಮಾಡುತ್ತ ತಕರಾರು ತೆಗೆಯುವುದು. ನನ್ನ ಮತ್ತು ಹುಡುಗಿಯ ಡಾಕ್ಟರ್ ಗಂಡಂದಿರು ವಾರಾಂತ್ಯದ ಪಾಳಿಗೆ ಆಸ್ಪತ್ರೆಗೆ ಹೋಗಿರುತ್ತಿದ್ದರು, ಡರ್ಬಿ ಅಕ್ಕನ ಎಂಜಿನಿಯರ್ ಗಂಡ ಕ್ರಿಕೆಟ್ ಮುಂದೆ. ಹೀಗಾಗಿ ನಮಗೆ ಅವಸರವಿರಲಿಲ್ಲ.

"ಜೀವನ ಇಡೀ ಜನರನ್ನು ಮಲಗಿಸಿದ್ದೇ ಕೆಲಸ ನನ್ನದು. ಈಗ ಮೂರು ಜನ ಎಚ್ಚರ ಇದ್ದು ಕೇಳಿದರೆ ಸಾಕು ಮಾರಾಯ್ತಿ" ಎನ್ನುತ್ತಿದ್ದರು.

ಕಾದಂಬರಿಯ ನಾಯಕಿ ವಾರಿಜಾ, ಕುಂದಾಪುರದ ಬ್ಯಾಂಕಿನಲ್ಲಿ ಕೆಲಸ. ಚೆಲುವೆ, ಚುರುಕು, ಬಾಯಿಯೂ ಜೋರು. ಅವಳ ಒಂದೇ ದೋಷ, ಏನು ಕೇಳಿದರೂ "ಬರುತ್ತೆ" ಅನ್ನುವುದು. ಸಂಗೀತ ಬರುತ್ತೆ, ಕೊಂಕಣಿ ಬರುತ್ತೆ, ಕಡೆಗೆ ಮೀನುಗಾರಿಕೆ ಇಲಾಖೆಯ ಆ ಒಳ್ಳೆಯ ಹುಡುಗನ ಮುಂದೆ ಈಜೂ ಬರುತ್ತೆ ಅಂದುಬಿಟ್ಟಿದ್ದಳು. ಅವನು ಖುಷಿಯಾಗಿ ಬರುವ ಭಾನುವಾರ ದೋಣಿಯಲ್ಲಿ ಕರೆದೊಯ್ಯುತ್ತೇನೆ, ನಡುನೀರಿನಲ್ಲಿ ಇಬ್ಬರೂ ಈಜೋಣ ಎಂದಿದ್ದ. ಕಥೆ ಅಲ್ಲಿಗೆ ಬಂದು ನಿಂತಿತು. ಹೆಸರು ನೋಡಿದರೆ ನೀರಲ್ಲೇ ಹುಟ್ಟಿದವಳು, ಬಕೆಟ್ಟಿನ ನೀರು ಕಂಡರೆ ಹೆದರುತ್ತಾಳೆ ಎಂದು ಡರ್ಬಿ ಅಕ್ಕ ನಗುತ್ತಿದ್ದರು. ಅವರಿಗೆ ಬೇಕಾಗಿದ್ದುದು ಮದುವೆ ಮಾತ್ರ. ಡರ್ಬಿಯಿಂದ ಅಷ್ಟು ದೂರ ಗಾಡಿ ಓಡಿಸಿಕೊಂಡು ಬರುವುದೇ ಮದುವೆ ನೋಡಲು, ಬೇಗ ತಾಳಿ ಕಟ್ಟಿಸಿ, ಆಮೇಲೆ ಅವಳೇ ಸರಿಹೋಗುತ್ತಾಳೆ ಎಂದು ಪ್ರತಿ ವಾರವೂ ಒತ್ತಾಯ. ತಾಳಿ ಕಟ್ಟಿದ ಮಾತ್ರಕ್ಕೆ ಯಾರಾದರೂ ಸರಿಹೋದದ್ದನ್ನು ನೋಡಿದ್ದೀಯಾ ಎಂದು ಡಾಕ್ಟರಮ್ಮ ತಿರುಗಿ ಕೇಳುತ್ತಿದ್ದರು. ಅಕ್ಕ ತಮ್ಮ ಗಂಡನನ್ನು ನೆನೆಸಿಕೊಂಡು ತಿಂಡಿಯ ತಟ್ಟೆಗೆ ಕೈ ಹಾಕುತ್ತಿದ್ದರು.

ವಾರಿಜಾ ಹುಡುಗನ ಮುಂದೆ ನಿಜ ಒಪ್ಪಿಕೊಳ್ಳಬೇಕು. ಆ ಪುಟವನ್ನು ಡಾಕ್ಟರಮ್ಮ ಅದೆಷ್ಟು ಸಲ ಬರೆದರೋ. ಒಂದು ಸಲ ಬರೆದದ್ದು ನಾಟಕದ ಮಾತಿನ ಹಾಗಿತ್ತು, ಇನ್ನೊಂದು ಸಲದ್ದು ಇಲ್ಲಿನ ನಗರ ಕೌನ್ಸಿಲ್‌ನಿಂದ ಬರುವ ಕ್ಷಮೆಯ ಪತ್ರದ ಹಾಗೆ. ನಾವು ಒಂದನ್ನೂ ಒಪ್ಪಲಿಲ್ಲ. ಕಡೆಗೆ ಅವರು ಹಾಳೆ ಕೆಳಗಿಟ್ಟು, ನಿಮ್ಮಲ್ಲಿ ಯಾರಾದರೂ ಗಂಡನ ಮುಂದೆ ಇಂಥ ಮಾತು ಹೇಳಿದವರು ಇದ್ದರೆ ಹೇಗೆ ಹೇಳಿದಿರೆಂದು ತಿಳಿಸಿ ಎಂದರು. ನಾನು ಒಗ್ಗರಣೆಯ ಕಡೆ ತಿರುಗಿದೆ. ಅಕ್ಕ ಕೋಟಿನ ಗುಂಡಿ ಹಾಕಿಕೊಂಡರು.

ಆಗ ಮೂಲೆಯಿಂದ ಮಾತು ಬಂತು. ಹುಡುಗಿ ತಟ್ಟೆಯಿಂದ ತಲೆ ಎತ್ತಲಿಲ್ಲ.

"ಅದು ಹಂಗ ಎದುರಿಗೆ ನಿಂತು ಹೇಳೂ ಮಾತಲ್ರಿ ಡಾಕ್ಟರಮ್ಮ. ಕೈಯಾಗ ಏನರ ಕೆಲಸ ಇರಬೇಕು. ಸೊಪ್ಪು ಬಿಡಸಕೋತ, ಮಾರಿ ನೋಡಲಾರದ ಹೇಳಬೇಕು. ಈಗ ನೋಡ್ರಿ... ನನಗ ಗಾಡಿ ಬರಂಗಿಲ್ಲ. ಟೆಸ್ಟ್ ನಾ ಪಾಸ್ ಆಗೇ ಇಲ್ಲ."

ಒಲೆಯ ಮೇಲೆ ಸಾಸಿವೆ ಸೀದುಹೋಯಿತು. ಡರ್ಬಿ ಅಕ್ಕನಿಗೆ ಮೊದಲು ಬಾಯಿ ಬಂತು. "ಹಾಗಾದ್ರೆ ಆ ಪೇಢೆ? ನಾನು ಎರಡು ತಿಂದಿದ್ದೆನಲ್ಲೇ."

ಆ ಪೇಢೆಯನ್ನು ನಾವೆಲ್ಲ ತಿಂದಿದ್ದೆವು. ಡ್ರೈವಿಂಗ್ ಟೆಸ್ಟ್ ಪಾಸಾಯಿತೆಂದು ಚಳಿಗಾಲದ ಆರಂಭದಲ್ಲಿ ಗಂಡ ಹೆಂಡತಿ ಇಬ್ಬರೂ ಸೇರಿ ಪರಿಚಯದವರ ಮನೆಗಳಿಗೆಲ್ಲ ಪೇಢೆ ಹಂಚಿದ್ದರು. ಅಂದು ಟೆಸ್ಟಿನಿಂದ ಬಂದವಳನ್ನು ಗಂಡ ಬಾಗಿಲಲ್ಲೇ "ಆತಲ್ಲ?" ಎಂದು ಕೇಳಿದ್ದ, ಇವಳ ಬಾಯಿಂದ "ಆತು" ಎಂದು ಬಂದುಬಿಟ್ಟಿತ್ತು. ಅಷ್ಟೇ... ಹಿಂದೆ ತಗೊಳ್ಳುವ ಹೊತ್ತಿಗೆ ಅವನು ಧಾರವಾಡಕ್ಕೆ ಫೋನ್ ಮಾಡಿ ಆಗಿತ್ತು. ಆಮೇಲೆ ಒಂದು ದಿನ ಮಂಜು, ಇನ್ನೊಂದು ದಿನ ಪಾರ್ಕಿಂಗ್ ಸಿಗಲ್ಲ ಎಂದು ಬಸ್ಸಿನಲ್ಲೇ ಓಡಾಡಿದ್ದಳು. ಈಗ ಅತ್ತೆ ಬರುವವರಿದ್ದರು. ಬರುವ ಶನಿವಾರವೇ. ಅವನಿಗೆ ಆ ದಿನ ಆನ್‌ಕಾಲ್, ಆಸ್ಪತ್ರೆ ಬಿಟ್ಟು ಬರುವಂತಿಲ್ಲ. ಸೊಸೆಯೇ ಗಾಡಿ ತಗೊಂಡು ವಿಮಾನ ನಿಲ್ದಾಣಕ್ಕೆ ಬರುತ್ತಾಳೆಂದು ಅತ್ತೆ ಓಣಿಗೆಲ್ಲ ಸಾರಿಬಿಟ್ಟಿದ್ದರು. ಇನ್ಶೂರೆನ್ಸಿಗೆ ಅವಳ ಹೆಸರು ಸೇರಿಸಲು ಲೈಸೆನ್ಸ್ ಕೊಡು ಎಂದು ಗಂಡ, ಅವಳು ನಮ್ಮಲ್ಲಿಗೆ ಬರುವ ಮುಂಚೆ, ಬೆಳಿಗ್ಗೆಯಷ್ಟೇ ಕೇಳಿದ್ದನಂತೆ.

ನಾವಿಬ್ಬರು ಸುಮ್ಮನಿರುತ್ತೇವೆಯೆ? ಗಾಡಿ ಗರಾಜಿಗೆ ಹೋಗಿದೆ ಅನ್ನು ಎಂದೆ ನಾನು. ನಾನೇ ಡರ್ಬಿಯಿಂದ ಬಂದು ಕರೆದುಕೊಂಡು ಬರುತ್ತೇನೆ, ನಿನ್ನ ಕೈ ಉಳುಕಿದೆ ಎಂದು ಹೇಳು ಎಂದರು ಅಕ್ಕ. ಕಟ್ಟು ಹಾಕಲು ಡಾಕ್ಟರಮ್ಮನ ಮನೆಯಲ್ಲಿ ಬ್ಯಾಂಡೇಜು ಇರಬೇಕಲ್ಲ ಎಂಬಲ್ಲಿಗೂ ಹೋಯಿತು ಮಾತು.

ಡಾಕ್ಟರಮ್ಮ ಕನ್ನಡಕ ತೆಗೆದರು. "ಎಂತ ಹೆಂಗಸರು ನೀವು. ಇವಳದ್ದು ಒಂದೇ ಸುಳ್ಳು ಇದ್ದದ್ದು, ಈಗ ನಾಲ್ಕಾಯಿತು" ಎಂದರು. ಆಮೇಲೆ ಹುಡುಗಿಯ ಕಡೆ ತಿರುಗಿದರು. "ನೀನು ಹೋಗಿ ಹೇಳು ಮಗಾ. ನೀನು ಹೇಳಿದ ಮೇಲೆಯೇ ವಾರಿಜಾ ಬಾಯಿ ಬಿಡುವುದು. ಅಲ್ಲಿವರೆಗೆ ನಾನು ಪೆನ್ನು ಮುಟ್ಟುದಿಲ್ಲ."

ಹುಡುಗಿ ಅರ್ಧ ಬಿಡಿಸಿದ ಸೊಪ್ಪನ್ನು ಹಾಗೆಯೇ ಚೀಲಕ್ಕೆ ತುಂಬಿಕೊಂಡು ಮನೆಗೆ ಹೊರಟಳು.

ಮುಂದಿನ ಶನಿವಾರ ಅವಳು ಬರಲಿಲ್ಲ. ಅದರಾಚೆಯ ಶನಿವಾರ ಅತ್ತೆ ಕೊಟ್ಟ ಚಟ್ನಿಪುಡಿ ಹಿಡಿದು ಬಂದಳು. ಗಂಡ ಬೈದಿರಲಿಲ್ಲ. "ಪೇಢೆ ಹಂಚೂ ಮುಂದ ನಾನೂ ನಿನ್ನ ಕೂಡ ಮನಿ ಮನಿಗೆ ಬಂದಿದ್ನಲ್ಲ" ಎಂದನಂತೆ, ಅಷ್ಟೇ ಅಂದು ಎದ್ದು ಹೋದನಂತೆ. ಆಮೇಲೆ ಕೆಲವು ದಿನ ಮನೆಯಲ್ಲಿ ಬೇಕಾದಷ್ಟೇ ಮಾತು. ಅತ್ತೆಯನ್ನು ಮಾತ್ರ ರೈಲಿನಲ್ಲಿ, ಆಮೇಲೆ ಬಸ್ಸಿನಲ್ಲಿ ತಾನೇ ಹೋಗಿ ಕರೆತಂದಿದ್ದಳು. ಅತ್ತೆಗೆ ಬಸ್ಸಿನ ಮಹಡಿಯ ಮೇಲೆ, ಎಲ್ಲರಿಗಿಂತ ಮುಂದಿನ ಸೀಟು ಸಿಕ್ಕಿತ್ತು. ಊರಿಗೆ ಫೋನ್ ಮಾಡಿ, ಡ್ರೈವರನ ತಲೆಯ ಮೇಲೆ ಕೂತು ಬಂದೆ ಎಂದು ಹೇಳಿಕೊಂಡದ್ದೇ ಹೇಳಿಕೊಂಡದ್ದು. ಗಂಡನಿಗೆ ತಡೆಯಲಾರದೆ ನಗು ಬಂದದ್ದು ಆಗಲೇ. ಅದರ ಮರುದಿನ, ಭಾನುವಾರ, ಅವನೇ ಎಲ್ ಬೋರ್ಡು ತಂದು ಗಾಡಿಗೆ ಅಂಟಿಸಿ ಪಕ್ಕದ ಸೀಟಿನಲ್ಲಿ ಕೂತ.

ಡಾಕ್ಟರಮ್ಮ ಆ ವಾರವೇ ಬರೆದರು. ವಾರಿಜಾ ಬಸಳೆ ಸೊಪ್ಪು ಬಿಡಿಸುತ್ತ, ಹುಡುಗನ ಮುಖ ನೋಡದೆ ಹೇಳಿದಳು. ಅವನು ಅಂದೇ ಕ್ಷಮಿಸಲಿಲ್ಲ. ಅವಳು ಕಾದಳು, ಕಾಯುತ್ತ ಈಜು ಕಲಿತಳು. ಮದುವೆ ಕೊನೆಯ ಅಧ್ಯಾಯದಲ್ಲಾಯಿತು, ಡರ್ಬಿ ಅಕ್ಕ ಅಂತೂ ಕೋಟು ತೆಗೆದರು.

ಹುಡುಗಿ ನಿಜವಾಗಿ ಪಾಸಾದಾಗ ಪೇಢೆ ತಂದಳು. ಡಾಕ್ಟರಮ್ಮ ಮುಟ್ಟಲಿಲ್ಲ. ಮೊದಲು ಗಾಡಿಯಲ್ಲಿ ಪಕ್ಕದ ಎಜ್‌ಬಾಸ್ಟನ್ ಸುತ್ತಿಸು, ಆಮೇಲೆ ತಿನ್ನುತ್ತೇನೆ ಎಂದರು. ಸುತ್ತಿ ಬಂದು ಮನೆ ಮುಂದೆ ಎಂಜಿನ್ ಆರಿದ ಮೇಲೆಯೇ ಬಾಯಿಗೆ ಹಾಕಿಕೊಂಡರು.

ಈಗ ಆ ಮನೆಯಲ್ಲಿ ಬೇರೆಯವರಿದ್ದಾರೆ, ಅಡುಗೆಮನೆಯ ಕಿಟಕಿಗೆ ನೀಲಿ ಪರದೆ. ಪುಸ್ತಕದ ಕರಡು ತಿದ್ದಿ ಉಡುಪಿಯ ಅಚ್ಚಿನವರಿಗೆ ಕಳಿಸಿದ ಡಾಕ್ಟರಮ್ಮ ಅಚ್ಚಾದದ್ದನ್ನು ನೋಡಲು ಉಳಿಯಲಿಲ್ಲ. ಅರಿವಳಿಕೆ ಕೊಡುತ್ತಿದ್ದವರು ಒಂದು ಮಧ್ಯಾಹ್ನ ತಾವೇ ಅದೇ ಕುರ್ಚಿಯಲ್ಲಿ ಮಲಗಿದ ಹಾಗೆ... ಶನಿವಾರ ಬಂದರೆ ನನಗೆ ಈಗಲೂ ಯಾರಿಗೆ ತಿಂಡಿ ಮಾಡಬೇಕೆಂದು ತೋಚುವುದಿಲ್ಲ.

ಪುಸ್ತಕದ ಪೆಟ್ಟಿಗೆ ಉಡುಪಿಯಿಂದ ಹುಡುಗಿಯ ಮನೆಗೆ ಬಂತು. ಮರುದಿನ ಬೆಳಿಗ್ಗೆ ಅವಳು ನಮ್ಮ ಇಳಿಜಾರಿನ ರಸ್ತೆಗೆ ಬಂದಳು. ಎರಡು ಕಾರುಗಳ ನಡುವಿನ ಇಕ್ಕಟ್ಟಿನಲ್ಲಿ ಗಾಡಿಯನ್ನು ಹಿಂದಕ್ಕೆ ತಂದು ಒಂದೇ ಸಲಕ್ಕೆ ನಿಲ್ಲಿಸಿದಳು, ನಾನು ಕಿಟಕಿಯಿಂದ ನೋಡಿದೆ. ವಾರಿಜಾಳನ್ನು ನನ್ನ ಕೈಗಿಟ್ಟು, ಚಹಾ ಬೇಡವೆಂದು, ಡರ್ಬಿ ಅಕ್ಕನಿಗೂ ಒಂದು ಪ್ರತಿ ಕೊಡಬೇಕು ಎಂದು ಮೋಟರ್‌ವೇ ಹೆದ್ದಾರಿ ಹಿಡಿದು ಹೋದಳು.