ಕತ್ತರಿ ತಾಗಿದ ಕಡೆ ಎಲೆ

ನಮ್ಮ ಮಾವ ಊರಿಗೇ ಹೆಸರಾದ ದರ್ಜಿ. ಅವನ ಕೈಯಲ್ಲಿ ತಪ್ಪೇ ಆಗುವುದಿಲ್ಲ ಎಂದು ಜನ ಹೇಳುವಾಗ ನನಗೆ ಮೈ ಉರಿಯುತ್ತದೆ. ತಪ್ಪು ಧಾರಾಳವಾಗಿ ಆಗುತ್ತಿತ್ತು. ಅದು ಅಂಗಡಿಯ ಹೊಸಿಲು ದಾಟದಂತೆ ನೋಡಿಕೊಂಡವಳು ಅವನ ಅಕ್ಕ, ನಮ್ಮ ದೊಡ್ಡಮ್ಮ.

ಹೆಸರಿಗೆ ಅವಳ ಕೆಲಸ ಗುಂಡಿ, ಹುಕ್ಕು, ಕಾಜಾ. ಗಂಡ ತೀರಿಕೊಂಡ ಮೇಲೆ ಅಂಗಡಿಯ ಹಿಂದಿನ ಕೋಣೆಯಲ್ಲಿ, ಕಿಟಕಿಯ ಪಕ್ಕ ಕೂತವಳಿಗೆ ಅದೇ ಅನ್ನ, ಅದೇ ಮರ್ಯಾದೆ. ಮಾವ ಹೊಲಿದದ್ದೆಲ್ಲ ಕಡೆಗೆ ಅವಳ ಮಡಿಲಿಗೇ ಬರುತ್ತಿತ್ತು. ಕೊರಳು ಹಿಗ್ಗಿದ್ದರೆ ಒಳಗಿನಿಂದ ದಾರ ಓಡಿಸಿ ಎಳೆದು, ಒದ್ದೆ ಬಟ್ಟೆ ಹಾಕಿ ಇಸ್ತ್ರಿ ಒತ್ತುತ್ತಿದ್ದಳು. ಸುಕ್ಕುಬಿದ್ದ ಹೊಲಿಗೆ ಬಿಚ್ಚಿ ಮತ್ತೆ ಹಾಕಿ, ಹಳೆಯ ಸೂಜಿ ತೂತುಗಳನ್ನು ಉಗುರಿನಿಂದ ಉಜ್ಜಿ ಮುಚ್ಚುತ್ತಿದ್ದಳು. ತಮ್ಮನಿಗೆ ಮಾತ್ರ ತುಟಿಪಿಟಕ್ಕೆನ್ನುತ್ತಿರಲಿಲ್ಲ. ಚಿಕ್ಕಂದಿನಲ್ಲಿ ಕೆಲಸ ಕೆಟ್ಟರೆ ಅವನು ಊಟ ಬಿಟ್ಟು ಮೂಲೆ ಹಿಡಿಯುತ್ತಿದ್ದನಂತೆ. ಆ ಮರುಕ ಇವಳನ್ನು ಬಿಡಲೇ ಇಲ್ಲ.

ಒಮ್ಮೆ ಹೊಲಿಗೆಯ ಅಂಚು ಕತ್ತರಿಸುವಾಗ ಮಾವನ ಕತ್ತರಿ ರೇಷ್ಮೆ ಅಂಗಿಯ ಬೆನ್ನಿಗೇ ತಾಗಿತ್ತು. ಅವನಿಗದು ಗೊತ್ತೇ ಆಗಲಿಲ್ಲ. ದೊಡ್ಡಮ್ಮ ಒಳಗಿನಿಂದ ಚೂರು ಬಟ್ಟೆಯ ತೇಪೆ ಕೊಟ್ಟು, ಮೇಲೆ ಅದೇ ಬಣ್ಣದ ದಾರದಲ್ಲಿ ಎಳೆ ಎಲೆಗಳನ್ನು ಬಿಡಿಸಿದಳು. ಅಂಗಿ ಕೊಂಡೊಯ್ಯಲು ಬಂದಾಕೆ ಎಲೆ ಸವರಿ ಹಿಗ್ಗಿದರೆ ಮಾವ ನಕ್ಕುಬಿಟ್ಟ.

"ನಮ್ಮ ಅಕ್ಕನ ಕೈ ಸುಮ್ನೆ ಇರಲ್ಲ. ಕೆಲಸ ಇಲ್ದೇ ಇದ್ರೆ ಹೀಗೇ ಏನಾದ್ರೂ ಗೀಚ್ತಾ ಇರ್ತಾಳೆ."

ಹೋದ ತಿಂಗಳು ಗುಂಡಿ, ಕಾಜಾ ಎರಡೂ ಹಾಕುವ ಮಷಿನ್ ಬಂತು. ಅದಕ್ಕೆ ಕಿಟಕಿಯ ಜಾಗವೇ ಬೇಕಂತೆ. ನಾನು ಅಲ್ಲೇ ಇದ್ದೆ.

"ಅಕ್ಕಾ, ಇನ್ನು ಮನೇಲಿ ಆರಾಮಾಗಿರು" ಎಂದ ಮಾವ. "ಬರೀ ಗುಂಡಿಗೋಸ್ಕರ ಯಾಕೆ ಕಣ್ಣು ಹಾಳು ಮಾಡ್ಕೋತೀಯ?"

"ಬರೀ ಗುಂಡಿನಾ?"

"ಮತ್ತಿನ್ನೇನು?"

ಅವನ ಮುಖದಲ್ಲಿ ಒಂದಿಷ್ಟೂ ಕಪಟವಿರಲಿಲ್ಲ. ಅದನ್ನೇ ನನಗೆ ಸಹಿಸಲಾಗಲಿಲ್ಲ. ದೊಡ್ಡಮ್ಮ ಕನ್ನಡಕ ತೆಗೆದು ಡಬ್ಬಿಗೆ ಹಾಕಿ, ಮಡಿಲಲ್ಲಿದ್ದ ದಾರದ ತುಂಡುಗಳನ್ನು ಕೊಡವಿ ಎದ್ದಳು.

ದಾರಿಯುದ್ದಕ್ಕೂ ನಾನು ಹಾರಾಡಿದೆ. "ಬಾಯಿಬಿಟ್ಟು ಹೇಳಬಾರದಿತ್ತಾ ದೊಡ್ಡಮ್ಮ? ಮಾವನ ತಪ್ಪುಗಳನ್ನ ಅವರ ಮುಖಕ್ಕೇ ಹಿಡೀಬೇಕಿತ್ತು!"

ಅವಳು ನಿಂತು, ನನ್ನನ್ನೇ ಪೆದ್ದಿಯನ್ನು ನೋಡುವಂತೆ ನೋಡಿದಳು.

"ಏನನ್ನ ಹಿಡೀಲೇ? ಒಂದನ್ನಾದ್ರೂ ಕಾಣೋ ಹಾಗೆ ಬಿಟ್ಟಿದ್ದೀನಾ ನಾನು?"